ಮೋಗ್ಲಿಯ ನೆನಪು, ಈಜಿಪ್ಟಿನ ಈರುಳ್ಳಿ

ಓದಿಕೊಳ್ಳಿ: ಸಂಖ್ಯಾಕಾಂಡ ೧೧:೪-೬, ಉಪದೇಶಕ ೭:೧೦, ವಿಮೋಚನಾಕಾಂಡ ೧೨:೨೬-೨೭



"ನಮ್ಮ ಕಾಲದ ಭಾನುವಾರವೇ ಬೇರೆ" ಎಂಬ ಮಾತು ಇಂದು ನಲವತ್ತರ ಆಸುಪಾಸಿನಲ್ಲಿರುವ ತಂದೆತಾಯಿಯರ ಬಾಯಲ್ಲಿ ಆಗಾಗ ಕೇಳಿಬರುತ್ತದೆ. ಕೈಯಲ್ಲಿ ಮೊಬೈಲು ಹಿಡಿದು ಮೂಲೆ ಸೇರಿದ ಮಗನನ್ನು ಕಂಡಾಗಲಂತೂ ಈ ಮಾತು ತಾನಾಗಿಯೇ ಬರುತ್ತದೆ. ಕೊಡಗಿನ ದಕ್ಷಿಣ ತುದಿಯಲ್ಲಿ, ವಯನಾಡಿಗೆ ತಾಗಿಕೊಂಡಿರುವ ಕುಟ್ಟದಂಥ ಊರಿನಲ್ಲೂ ಇದೇ ಮಾತು. ಅಂದಿನ ಭಾನುವಾರ ಎಂದೊಡನೆ ಅವರಿಗೆ ನೆನಪಾಗುವುದು ಎರಡು: ಬೆಳಗಿನ ಬಲಿಪೂಜೆ ಮತ್ತು ದೂರದರ್ಶನದ ಕಾರ್ಟೂನು. ಈ ನೆನಪು ಒಳ್ಳೆಯದೇ? ವಿಶ್ವಾಸಿಗಳಾದ ನಾವು ಇದನ್ನು ಹೇಗೆ ಬಳಸಿಕೊಳ್ಳಬೇಕು? ಈ ವಾರ ಇದನ್ನು ಕುರಿತು ಚಿಂತಿಸೋಣ.

ಅಂದಿನ ಬೆಳಗು

ಅಮೆರಿಕದಲ್ಲಿ ಮಕ್ಕಳ ಕಾರ್ಟೂನಿನ ದಿನ ಶನಿವಾರವಾಗಿತ್ತು. ೧೯೬೦ರ ದಶಕದಿಂದ ಅಲ್ಲಿನ ದೊಡ್ಡ ಟಿ.ವಿ. ಸಂಸ್ಥೆಗಳು ಶನಿವಾರದ ಬೆಳಗನ್ನು ಮಕ್ಕಳಿಗೇ ಬಿಟ್ಟುಕೊಟ್ಟಿದ್ದವು. ೨೦೧೪ರ ಹೊತ್ತಿಗೆ ಆ ರೂಢಿ ಮುಗಿಯಿತು. ನಮ್ಮಲ್ಲಿ ಶನಿವಾರ ಬೆಳಗ್ಗೆ ಶಾಲೆ. ಆದುದರಿಂದ ನಮ್ಮ ಮಕ್ಕಳ ಪಾಲಿಗೆ ಬಂದದ್ದು ಭಾನುವಾರ. ೧೯೮೭ರ ಜನವರಿಯಲ್ಲಿ 'ರಾಮಾಯಣ' ಧಾರಾವಾಹಿ ಆರಂಭವಾದಾಗಲೇ ಭಾನುವಾರ ಬೆಳಗ್ಗೆ ಟಿ.ವಿ. ಮುಂದೆ ಕೂರುವ ಅಭ್ಯಾಸ ಇಡೀ ದೇಶಕ್ಕೆ ಬಂದಿತ್ತು. ತೊಂಬತ್ತರ ದಶಕದಲ್ಲಿ ಆ ಜಾಗಕ್ಕೆ ಮಕ್ಕಳ ಕಾರ್ಯಕ್ರಮಗಳೂ ಬಂದವು. 'ಡಕ್ ಟೇಲ್ಸ್' ಮತ್ತು 'ಟೇಲ್ ಸ್ಪಿನ್' ಹಿಂದಿಯಲ್ಲಿ ಮಾತನಾಡಿದವು. ೧೯೯೩ರಲ್ಲಿ 'ಜಂಗಲ್ ಬುಕ್' ಬಂದಿತು.

ಮೋಗ್ಲಿಯ ಕಥೆಯ ಪ್ರಯಾಣ ಸ್ವಾರಸ್ಯವಾದದ್ದು. ಅದನ್ನು ಬರೆದ ಕಿಪ್ಲಿಂಗ್ ಮುಂಬಯಿಯಲ್ಲಿ ೧೮೬೫ರಲ್ಲಿ ಜನಿಸಿದ ಇಂಗ್ಲಿಷರವನು. ಪುಸ್ತಕ ಬಂದದ್ದು ೧೮೯೪ರಲ್ಲಿ. ಕಥೆ ನಡೆಯುವುದು ಮಧ್ಯಪ್ರದೇಶದ ಸಿವನಿ ಕಾಡಿನಲ್ಲಿ. ಚಿತ್ರ ಬರೆದು ಕಾರ್ಟೂನು ಮಾಡಿದವರು ಜಪಾನಿನವರು, ೧೯೮೯ರಲ್ಲಿ. ಅದಕ್ಕೆ ಹಿಂದಿಯ ಶೀರ್ಷಿಕೆ ಗೀತೆ ಬರೆದವರು ಗುಲ್ಜಾರ್, ರಾಗ ಹಾಕಿದವರು ವಿಶಾಲ್ ಭಾರದ್ವಾಜ್, ಶೇರ್ ಖಾನ್ ಹುಲಿಗೆ ದನಿ ಕೊಟ್ಟವರು ನಾನಾ ಪಾಟೇಕರ್. ಇದನ್ನು ನೋಡಲು ಕೂತ ಕುಟ್ಟದ ಮಕ್ಕಳ ಮನೆಮಾತು ಕೊಡವ, ಕೊಂಕಣಿ, ಮಲಯಾಳ, ತಮಿಳು, ಕನ್ನಡ. ಹಿಂದಿ ಯಾರದ್ದೂ ಅಲ್ಲ. ಆದರೂ ಕಥೆ ಎಲ್ಲರಿಗೂ ಅರ್ಥವಾಯಿತು. ಅದಕ್ಕೆ ಕಾರಣವೂ ಇದೆ. ಒಂದು ಕಡೆ ನಾಗರಹೊಳೆ, ಇನ್ನೊಂದು ಕಡೆ ತೋಲ್ಪೆಟ್ಟಿಯ ಕಾಡು. ರಾತ್ರಿ ಕಾಫಿ ತೋಟಕ್ಕೆ ಆನೆ ನುಗ್ಗುವುದನ್ನು ಬಲ್ಲ ಮಕ್ಕಳಿಗೆ ಹಾಥಿ ಆನೆಯ ಪರಿಚಯ ಮಾಡಿಕೊಡಬೇಕೇ?

ಎಲ್ಲ ಮನೆಯಲ್ಲೂ ಟಿ.ವಿ. ಇರಲಿಲ್ಲ. ಇದ್ದವರ ಮನೆಗೆ ಅಕ್ಕಪಕ್ಕದವರು ಬರುತ್ತಿದ್ದರು. ಮಳೆಗಾಲದಲ್ಲಿ ಗಾಳಿಗೆ ಆಂಟೆನಾ ತಿರುಗಿದರೆ ಒಬ್ಬ ಹೊರಗೆ ಹೋಗಿ ಕಂಬ ತಿರುಗಿಸಬೇಕು, ಇನ್ನೊಬ್ಬ ಬಾಗಿಲಲ್ಲಿ ನಿಂತು "ಬಂತು, ಬಂತು, ಹೋಯ್ತು" ಎಂದು ಕೂಗಬೇಕು. ಕರೆಂಟು ಹೋದರೆ ಎಲ್ಲರಿಗೂ ಒಟ್ಟಿಗೇ ನಿರಾಶೆ.

ನೆನಪು ಬಿಟ್ಟುಬಿಡುವ ಸಂಗತಿಗಳು

ಇಸ್ರಯೇಲರು ಮರುಭೂಮಿಯಲ್ಲಿ ನಡೆಯುತ್ತಿದ್ದಾಗ ಈಜಿಪ್ಟನ್ನು ನೆನೆದು ಅತ್ತರೆಂದು ಸಂಖ್ಯಾಕಾಂಡ ಹೇಳುತ್ತದೆ. ಅವರಿಗೆ ನೆನಪಾದದ್ದು ಏನು? ಪುಕ್ಕಟೆ ಸಿಗುತ್ತಿದ್ದ ಮೀನು, ಸೌತೆಕಾಯಿ, ಕರ್ಬೂಜ, ಈರುಳ್ಳಿ, ಬೆಳ್ಳುಳ್ಳಿ. ಬೆನ್ನ ಮೇಲೆ ಬಿದ್ದ ಚಾಟಿ ನೆನಪಾಗಲಿಲ್ಲ. ಇಟ್ಟಿಗೆ ಹೊತ್ತದ್ದು ನೆನಪಾಗಲಿಲ್ಲ. ನೈಲ್ ನದಿಗೆ ಎಸೆಯಲ್ಪಟ್ಟ ಹಸುಗೂಸುಗಳು ನೆನಪಾಗಲಿಲ್ಲ. ಅಂಥ ನೆನಪಿನಿಂದಾಗಿ, ಪ್ರತಿ ಮುಂಜಾನೆ ದೇವರು ಕಣ್ಣೆದುರಿಗೇ ಇಳಿಸುತ್ತಿದ್ದ ಮನ್ನವೂ ಅವರಿಗೆ ಸಪ್ಪೆಯಾಯಿತು. ಹಿಂದಿನ ದಿನಗಳು ಇಂದಿಗಿಂತ ಏಕೆ ಚೆನ್ನಾಗಿದ್ದವು ಎಂದು ಕೇಳುವುದು ಜ್ಞಾನದ ಪ್ರಶ್ನೆಯಲ್ಲ ಎಂದು ಉಪದೇಶಕನೂ ಎಚ್ಚರಿಸುತ್ತಾನೆ.

ನಮ್ಮ ಭಾನುವಾರದ ನೆನಪನ್ನೂ ಇದೇ ಒರೆಗೆ ಹಚ್ಚಬೇಕು. ಟಿ.ವಿ. ಇದ್ದ ಮನೆಯಲ್ಲಿ ಎಲ್ಲ ಮಕ್ಕಳೂ ಒಂದೇ ಚಾಪೆಯ ಮೇಲೆ ಕೂತರೇ? ಕೆಲವು ಮನೆಗಳಲ್ಲಿ ಹೌದು. ಇನ್ನು ಕೆಲವು ಮನೆಗಳಲ್ಲಿ ಲೈನ್ ಮನೆಯ ಮಕ್ಕಳು ಬಾಗಿಲ ಹೊರಗೆ, ಕಿಟಕಿಯ ಸರಳು ಹಿಡಿದು ನಿಂತು ನೋಡಿದರು. ಒಳಗೆ ಕೂತವರಿಗೆ ಮೋಗ್ಲಿ ನೆನಪಿದ್ದಾನೆ, ಕಿಟಕಿ ನೆನಪಿಲ್ಲ. ಹೊರಗೆ ನಿಂತವರಿಗೆ ಎರಡೂ ನೆನಪಿವೆ. ಪರದೆಯ ಮೇಲಿನ ಕಾಡಿನ ಹುಡುಗನನ್ನು ನಾವು ಮನಸಾರೆ ಪ್ರೀತಿಸಿದೆವು. ಅದೇ ವರ್ಷಗಳಲ್ಲಿ ನಾಗರಹೊಳೆಯ ಹಾಡಿಗಳಲ್ಲಿದ್ದ ಜೇನುಕುರುಬರು ಕಾಡು ಬಿಡಬೇಕೇ, ಉಳಿಯಬೇಕೇ ಎಂಬ ಸಂಕಟದಲ್ಲಿದ್ದರು. ಅವರ ಮಕ್ಕಳ ಹೆಸರು ನಮ್ಮಲ್ಲಿ ಎಷ್ಟು ಜನರಿಗೆ ಗೊತ್ತಿತ್ತು? ಇದನ್ನು ಹೇಳುವುದು ಸಿಹಿ ನೆನಪಿಗೆ ಕಹಿ ಬೆರೆಸಲೆಂದಲ್ಲ. ನಿಜವಾದ ನೆನಪು ಮಾತ್ರ ಮನುಷ್ಯನನ್ನು ತಿದ್ದುತ್ತದೆ ಎಂಬುದಕ್ಕಾಗಿ.

ಪೂಜೆಯೋ, ಕಾರ್ಟೂನೋ?

ಅಮೆರಿಕದ ಮಗುವಿಗೆ ಕಾರ್ಟೂನು ಶನಿವಾರ, ದೇವಾಲಯ ಭಾನುವಾರ. ನಮ್ಮ ಮಗುವಿಗೆ ಎರಡೂ ಒಂದೇ ಬೆಳಗ್ಗೆ. ಹಾಗಾಗಿ ಕೊನೆಯ ಆಶೀರ್ವಾದಕ್ಕೆ ಮುನ್ನವೇ ಚಪ್ಪಲಿ ಹುಡುಕಿದವರಿದ್ದಾರೆ; ಜ್ಞಾನೋಪದೇಶದ ತರಗತಿಗೆ ಹೊಟ್ಟೆನೋವು ಬಂದವರೂ ಇದ್ದಾರೆ. ಭಾನುವಾರ ಹಾಗೂ ಕಡ್ಡಾಯ ಹಬ್ಬಗಳಂದು ಬಲಿಪೂಜೆಯಲ್ಲಿ ಭಾಗವಹಿಸಬೇಕೆಂದು ೧೯೮೩ರ ಧರ್ಮಸಭೆಯ ಕಾನೂನು ಸಂಹಿತೆಯ ೧೨೪೭ನೇ ನಿಯಮ ಹೇಳುತ್ತದೆ. ಹಿಂದಿನ ದಿನದ ಸಂಜೆಯ ಪೂಜೆಯೂ ಆಗಬಹುದೆಂದು ೧೨೪೮ನೇ ನಿಯಮ ತಿಳಿಸುತ್ತದೆ. ಆದರೆ ನಿಯಮ ತೋರಿಸಿ ಗದರಿಸಿದ ಮಾತ್ರಕ್ಕೆ ಮಗುವಿನ ಮನಸ್ಸು ದೇವಾಲಯದಲ್ಲಿ ನಿಲ್ಲುವುದಿಲ್ಲ.

ಸಂತ ಜಾನ್ ಬೋಸ್ಕೊ ಇದನ್ನು ಚೆನ್ನಾಗಿ ಬಲ್ಲವರಾಗಿದ್ದರು. ೧೮೧೫ರಲ್ಲಿ ಇಟಲಿಯ ಬಡ ಕೃಷಿಕರ ಮನೆಯಲ್ಲಿ ಹುಟ್ಟಿದ ಅವರು ಹುಡುಗನಾಗಿದ್ದಾಗಲೇ ಹಗ್ಗದ ಮೇಲೆ ನಡೆಯುವುದನ್ನೂ ಜಾದೂವನ್ನೂ ಕಲಿತರು. ನೋಡಲು ಬಂದವರಿಂದ ಕಾಸು ಕೇಳಲಿಲ್ಲ. ಜಪಸರ ಮಾಡಿಸಿದರು, ದೇವಾಲಯದಲ್ಲಿ ಕೇಳಿದ ಪ್ರಬೋಧನೆಯನ್ನು ಮತ್ತೆ ಹೇಳಿದರು. ಮುಂದೆ ಗುರುವಾಗಿ, ೧೮೪೧ರಿಂದ ಟ್ಯೂರಿನ್ ನಗರದಲ್ಲಿ ಬೀದಿಯ ಹುಡುಗರನ್ನು ಭಾನುವಾರಗಳಂದು ಕೂಡಿಸಿದಾಗಲೂ ಪೂಜೆ, ಜ್ಞಾನೋಪದೇಶ, ಆಟ ಮೂರೂ ಒಟ್ಟಿಗೇ ನಡೆದವು. ಆಟ ದೇವರ ವೈರಿಯಲ್ಲ. ಭಾನುವಾರದ ಸಂತೋಷದಲ್ಲಿ ಅದಕ್ಕೂ ಜಾಗವಿದೆ. ಮೊದಲ ಜಾಗ ಯಾವುದಕ್ಕೆ ಎಂಬುದಷ್ಟೇ ಪ್ರಶ್ನೆ.

೨೦೨೦ ಕಲಿಸಿದ ಪಾಠ

೧೯೯೫ರಲ್ಲಿ ಕಾರ್ಟೂನಿಗೆಂದೇ ಮೀಸಲಾದ ವಾಹಿನಿ ಭಾರತಕ್ಕೆ ಬಂದಿತು. ೨೦೦೯ರಲ್ಲಿ ಕನ್ನಡಕ್ಕೂ 'ಚಿಂಟು ಟಿ.ವಿ.' ಬಂದಿತು. ಆಮೇಲೆ ಮೊಬೈಲು. ಈಗ ಕಾಯುವುದೇ ಇಲ್ಲ. ೨೦೨೦ರ ಏಪ್ರಿಲಿನಲ್ಲಿ ಕೊರೊನಾದಿಂದಾಗಿ ಎಲ್ಲರೂ ಮನೆಯಲ್ಲಿದ್ದಾಗ ದೂರದರ್ಶನ 'ಜಂಗಲ್ ಬುಕ್'ಅನ್ನು ಮರುಪ್ರಸಾರ ಮಾಡಿತು. ಅದೇ ಮೋಗ್ಲಿ, ಅದೇ ಬಘೀರ. ಆದರೆ ನೆರೆಮನೆಯವರು ಬರುವಂತಿರಲಿಲ್ಲ, ಬಾಗಿಲು ಮುಚ್ಚಿತ್ತು. ಅದೇ ವಾರಗಳಲ್ಲಿ ದೇವಾಲಯಗಳ ಬಾಗಿಲೂ ಮುಚ್ಚಿತ್ತು. ಪವಿತ್ರ ವಾರದ ಆಚರಣೆಗಳನ್ನು ನಾವು ಮೊಬೈಲಿನಲ್ಲೇ ನೋಡಿದೆವು. ಚಿತ್ರ ಇತ್ತು, ದನಿ ಇತ್ತು, ಆದರೆ ಪರಮಪ್ರಸಾದ ಇರಲಿಲ್ಲ, ಪಕ್ಕದಲ್ಲಿ ಕೂರುವ ಜನ ಇರಲಿಲ್ಲ.

ಪ್ರಿಯರೇ, ಇಲ್ಲಿಯೇ ಉತ್ತರವಿದೆ. ನಾವು ಕಳೆದುಕೊಂಡೆವೆಂದು ಕೊರಗುವುದು ಕಾರ್ಟೂನನ್ನಲ್ಲ. ಅದು ಬೇಕೆಂದಾಗ ಸಿಗುತ್ತದೆ. ಕಳೆದುಕೊಂಡದ್ದು ಒಟ್ಟಿಗೆ ಕಾಯುವುದು, ಒಟ್ಟಿಗೆ ಕೂರುವುದು, ಮುಗಿದ ಮೇಲೆ ಎದ್ದು ಹೋಗುವುದು. ಈ ಮೂರನ್ನೂ ಧರ್ಮಸಭೆ ಪ್ರತಿ ಭಾನುವಾರ ನಮಗಾಗಿ ಉಳಿಸಿಕೊಂಡು ಬಂದಿದೆ. ಬಲಿಪೂಜೆಗೆ ಜನ ಸೇರುತ್ತಾರೆ. ಸಾಹುಕಾರನೂ ಕೂಲಿಯಾಳೂ ಒಂದೇ ಸಾಲಿನಲ್ಲಿ ಪರಮಪ್ರಸಾದಕ್ಕೆ ಬರುತ್ತಾರೆ. ಅಲ್ಲಿ ಯಾರೂ ಕಿಟಕಿಯ ಹೊರಗೆ ನಿಲ್ಲಬಾರದು. ನಿಂತಿದ್ದರೆ ಅದು ನಾವು ಸರಿಪಡಿಸಬೇಕಾದ ವಿಷಯ.

ದೂರಬೇಡಿ, ಹೇಳಿಕೊಡಿ

ಜಗದ್ಗುರು ಸಂತ ಎರಡನೆಯ ಜಾನ್ ಪಾಲರು ೧೯೯೪ರ ಕುಟುಂಬ ವರ್ಷದಲ್ಲಿ, ವಿಶ್ವ ಸಂಪರ್ಕ ಮಾಧ್ಯಮ ದಿನದ ಸಂದೇಶವನ್ನು ಟಿ.ವಿ. ಮತ್ತು ಕುಟುಂಬದ ಬಗ್ಗೆಯೇ ನೀಡಿದರು. ಟಿ.ವಿ.ಯನ್ನು ಮಗು ನೋಡಿಕೊಳ್ಳುವ ಆಯಾಳನ್ನಾಗಿ ಮಾಡಬೇಡಿ, ನೋಡಿದ್ದನ್ನು ಮಕ್ಕಳೊಂದಿಗೆ ಚರ್ಚಿಸಿ, ಬೇಕಾದಾಗ ಆರಿಸಿಬಿಡಿ ಎಂಬುದು ಅದರ ಸಾರ. ಟಿ.ವಿ. ಎಂದಲ್ಲಿ ಮೊಬೈಲು ಎಂದು ಓದಿಕೊಂಡರೆ ಸಂದೇಶ ಇಂದಿಗೂ ಹೊಸದು. ಆಗ ಟಿ.ವಿ. ಮುಂದಿದ್ದ ಮಕ್ಕಳೇ ಇಂದಿನ ಪಾಲಕರು.

ನೆನಪನ್ನು ಬಳಸುವ ಸರಿಯಾದ ದಾರಿಯನ್ನೂ ಪವಿತ್ರ ಗ್ರಂಥವೇ ತೋರಿಸುತ್ತದೆ. ಪಾಸ್ಖ ಹಬ್ಬದಂದು ಮಕ್ಕಳು 'ಈ ಆಚರಣೆಯ ಅರ್ಥವೇನು' ಎಂದು ಕೇಳಿದಾಗ ತಂದೆ ನಡೆದದ್ದನ್ನು ಹೇಳಬೇಕು. ಗುಲಾಮಗಿರಿಯನ್ನೂ ಹೇಳಬೇಕು, ಬಿಡುಗಡೆಯನ್ನೂ ಹೇಳಬೇಕು. ಆ ಊಟದ ಮೇಜಿನಲ್ಲೇ ಪ್ರಭು ಯೇಸು ತಮ್ಮ ಸ್ಮರಣೆಗಾಗಿ ಇದನ್ನು ಮಾಡಿರೆಂದು ಶಿಷ್ಯರಿಗೆ ಒಪ್ಪಿಸಿದರು. ಈಜಿಪ್ಟಿನ ಈರುಳ್ಳಿಯ ನೆನಪು ಗೊಣಗಾಟದಲ್ಲಿ ಮುಗಿಯಿತು; ಪಾಸ್ಖದ ನೆನಪು ಮಕ್ಕಳ ಕೈಗೆ ದಾಟಿತು. "ನಮ್ಮ ಕಾಲದಲ್ಲಿ..." ಎಂದು ಆರಂಭಿಸುವ ಮುನ್ನ, ಯಾವ ದಾರಿಯಲ್ಲಿ ಹೊರಟಿದ್ದೇವೆಂದು ಒಂದು ಗಳಿಗೆ ನೋಡಿಕೊಳ್ಳೋಣ.

ಕುಟುಂಬದಲ್ಲಿ ಚರ್ಚಿಸಲು

೧. ನಿಮ್ಮ ಬಾಲ್ಯದ ಭಾನುವಾರ ಯಾರ ಮನೆಯಲ್ಲಿ ಟಿ.ವಿ. ನೋಡಿದಿರಿ? ಅವರನ್ನು ಇತ್ತೀಚೆಗೆ ಭೇಟಿಯಾಗಿದ್ದೀರಾ?
೨. ಅಂದು ಬಾಗಿಲ ಹೊರಗೆ ನಿಂತಿದ್ದವರು ಯಾರು? ಇಂದು ನಿಮ್ಮ ಮನೆಯ ಹೊರಗೆ ನಿಂತವರು ಯಾರು?
೩. ನಿಮ್ಮ ಮಕ್ಕಳು ಮೂವತ್ತು ವರ್ಷಗಳ ನಂತರ ಈ ಮನೆಯ ಭಾನುವಾರದ ಬಗ್ಗೆ ಏನನ್ನು ನೆನೆಯಬೇಕೆಂದು ಬಯಸುತ್ತೀರಿ?

ಈ ವಾರದ ಅಭ್ಯಾಸ: ಭಾನುವಾರ ಎಲ್ಲರೂ ಒಟ್ಟಾಗಿ ಬಲಿಪೂಜೆಗೆ ಹೋಗಿ ಬನ್ನಿ. ತಿಂಡಿಯ ನಂತರ ಮಕ್ಕಳಿಗಿಷ್ಟವಾದ ಒಂದು ಕಾರ್ಯಕ್ರಮವನ್ನು ಅವರ ಜೊತೆ ಕೂತು ನೋಡಿ. ನೆರೆಮನೆಯ ಒಂದು ಮಗುವನ್ನೂ ಒಳಗೆ ಕರೆಯಿರಿ. ಮುಗಿದ ಮೇಲೆ ಆರಿಸಿ, ಮಾತನಾಡಿ.

ಪ್ರಾರ್ಥನೆ: ಪ್ರಭುವೇ, ನಮ್ಮ ಬಾಲ್ಯದ ಸಂತೋಷಗಳಿಗಾಗಿ ನಿಮಗೆ ವಂದನೆ. ಅಂದು ನಮಗೆ ಕಾಣದೆ ಹೋದವರನ್ನು ಇಂದು ಕಾಣುವ ಕಣ್ಣು ಕೊಡಿ. ನಮ್ಮ ಮನೆಯ ಬಾಗಿಲೂ ನಮ್ಮ ಭಾನುವಾರವೂ ತೆರೆದಿರಲಿ. ಆಮೆನ್.