ಶ್ರುತಿ ಕಡಿಯದ ಹಾಗೆ

ಚಿ. ಪುಟ್ಟಿಗೆ,



ನಿನ್ನ ಕೋಡ್ ನೋಡಿದೆ. ಗೆಳತಿಯರೆಲ್ಲ ಡಿಸ್ಕಾರ್ಡ್‌ನಲ್ಲಿ ಸೇರಿ ಸರದಿಯಂತೆ ಹಾಡುವಾಗ ಹಿಂದೆ ತಂಬೂರಿ ನುಡಿಯುತ್ತಿರಲಿ ಎಂದು ಪೈಥಾನ್‌ನಲ್ಲಿ ಬಾಟ್ ಬರೆದದ್ದು ಒಳ್ಳೆಯದೇ. ಆದರೆ ತಂಬೂರಿ ಶುರುವಾದದ್ದೇ ತಡ, ಬಾಟ್‌ಗೆ ಕಿವಿಯೇ ಕೇಳದಂತಾಗುತ್ತದೆ, ‘ನಿಲ್ಲಿಸು’ ಎಂದರೂ ನಿಲ್ಲಿಸುವುದಿಲ್ಲ ಎಂದಿದ್ದೀಯಲ್ಲ, ತಪ್ಪಿರುವುದು ವೈಲ್ ಸುತ್ತಿನೊಳಗೆ ನೀನಿಟ್ಟ ಟೈಮ್.ಸ್ಲೀಪ್‌ನಲ್ಲಿ. ಈವೆಂಟ್ ಲೂಪ್ ಓಡುವುದು ಒಂದೇ ಥ್ರೆಡ್‌ನಲ್ಲಿ. ಅದನ್ನೇ ಮಲಗಿಸಿಬಿಟ್ಟರೆ ಕಮಾಂಡ್ ಕೇಳುವವರು ಯಾರು? ಡಿಸ್ಕಾರ್ಡ್‌ಗೆ ಆಗಾಗ ಹೋಗಬೇಕಾದ ಹಾರ್ಟ್‌ಬೀಟ್ ಕೂಡ ಹೋಗದೆ ಕೊನೆಗೆ ಸಂಪರ್ಕವೇ ಕಡಿಯುತ್ತದೆ. ಅಷ್ಟು ಹೊತ್ತು ತಂಬೂರಿ ಮಾತ್ರ ನುಡಿಯುತ್ತಲೇ ಇತ್ತಲ್ಲ, ಏಕೆ ಗೊತ್ತೇ? ಡಿಸ್ಕಾರ್ಡ್.ಪೈ ಆಡಿಯೋವನ್ನು ಬೇರೆಯೇ ಥ್ರೆಡ್‌ನಲ್ಲಿ ನುಡಿಸುತ್ತದೆ. ನೀನು ಕಾಯುತ್ತ ಕೂರುವ ಅಗತ್ಯವೇ ಇರಲಿಲ್ಲ.

ಹಾಗಾದರೆ ಪ್ಲೇಗೆ ಆಫ್ಟರ್ ಕೊಟ್ಟು, ಮುಗಿದ ಕೂಡಲೇ ಮತ್ತೆ ಶುರುಮಾಡಿಸುತ್ತೇನೆ ಎನ್ನುತ್ತೀಯ. ಎಲ್ಲರೂ ಮೊದಲು ಅದನ್ನೇ ಮಾಡುತ್ತಾರೆ, ನಾನೂ ಮಾಡಿದ್ದೆ. ಆಫ್ಟರ್ ನಡೆಯುವುದು ಆ ಆಡಿಯೋ ಥ್ರೆಡ್‌ನಲ್ಲಿ. ಅಲ್ಲಿ ಅವೇಟ್ ನಡೆಯದು; ಕೋರೂಟೀನ್ ಇದ್ದರೆ ರನ್ ಕೋರೂಟೀನ್ ಥ್ರೆಡ್‌ಸೇಫ್ ಮೂಲಕ ಲೂಪಿಗೆ ದಾಟಿಸಬೇಕು. ನನ್ನ ಒಂದು ಇಡೀ ಸಂಜೆಯನ್ನು ತಿಂದದ್ದು ಬೇರೆಯೇ ವಿಷಯ: ಸ್ಟಾಪ್ ಎಂದಾಗಲೂ ಆಫ್ಟರ್ ಓಡುತ್ತದೆ. ನಿಲ್ಲಿಸಿದಷ್ಟೂ ತಂಬೂರಿ ಮತ್ತೆ ಎದ್ದು ಕೂರುತ್ತಿತ್ತು!

ಅದನ್ನು ಸರಿಪಡಿಸಿಕೊಂಡರೂ ಸುತ್ತು ಮುಗಿದಾಗಲೆಲ್ಲ ಎಫ್‌ಎಫ್‌ಎಂಪೆಗ್ ಹೊಸದಾಗಿ ಏಳಬೇಕು. ಆ ಚಿಟಿಕೆ ಹೊಡೆಯುವಷ್ಟು ಹೊತ್ತಿನ ಮೌನ, ಹಾಡುವವರಿಗೆ ಅನ್ನದಲ್ಲಿ ಕಲ್ಲು ಸಿಕ್ಕ ಹಾಗೆ. ನನ್ನ ಮಾತು ಕೇಳುವುದಾದರೆ ಮತ್ತೆ ಮತ್ತೆ ಶುರುಮಾಡುವುದನ್ನೇ ಬಿಡು. ಮುಗಿಯುವುದೇ ಇಲ್ಲದ ಆಡಿಯೋ ಕೊಡು. ಬಿಫೋರ್ ಆಪ್ಶನ್ಸ್‌ನಲ್ಲಿ ಸ್ಟ್ರೀಮ್ ಲೂಪ್‌ಗೆ -1 ಕೊಡುವುದು ಸುಲಭದ ದಾರಿ. ಕಡತ ಎಂಪಿ3 ಬೇಡ, ಅದರ ಹಿಂದುಮುಂದೆ ಎನ್‌ಕೋಡರ್ ಸೇರಿಸಿದ ಮೌನ ಇರುತ್ತದೆ; ವೇವ್ ಇರಲಿ. ನನಗಂತೂ ಆಡಿಯೋಸೋರ್ಸ್ ಕ್ಲಾಸನ್ನು ನಾವೇ ಬರೆಯುವುದು ಇಷ್ಟ. ರೀಡ್ ಎಂದಾಗಲೆಲ್ಲ ಅದು 20 ಮಿಲಿಸೆಕೆಂಡಿನ ಧ್ವನಿ ಕೊಡಬೇಕು: 48,000 ಹರ್ಟ್ಸ್, 16 ಬಿಟ್, ಸ್ಟೀರಿಯೋ, ಅಂದರೆ 3,840 ಬೈಟ್. ಕೊನೆಯಲ್ಲಿ ಎಷ್ಟು ಕಡಿಮೆ ಬಿತ್ತೋ ಅಷ್ಟನ್ನು ಮೊದಲಿನಿಂದ ತಂದು ತುಂಬು. ಖಾಲಿ ಕೊಟ್ಟೆಯೋ, ಹಾಡು ಮುಗಿಯಿತೆಂದೇ ಲೆಕ್ಕ. ಇಡೀ ಧ್ವನಿಯನ್ನು ಮೆಮೊರಿಯಲ್ಲೇ ಇಟ್ಟುಕೊಂಡರೂ ಒಂದು ನಿಮಿಷದ ತಂಬೂರಿಗೆ ಸುಮಾರು 11.5 ಎಂಬಿ, ಏನು ಮಹಾ.

ರೆಕಾರ್ಡಿಂಗ್ ಕತ್ತರಿಸುವಾಗ ಮಾತ್ರ ಕಿವಿಯನ್ನೇ ನಂಬು. ಪಂಚಮದಿಂದ ಮಂದ್ರದವರೆಗೆ ನಾಲ್ಕೂ ತಂತಿಯ ಸುತ್ತು ಪೂರ್ಣವಾದ ಕಡೆ ಜೋಡಣೆ ಬೀಳಲಿ. ಮಂದ್ರದ ಗುಂಯ್‌ಗುಡಿತ ಮುಂದಿನ ಪಂಚಮದ ಮೇಲೂ ಹರಡಿರುತ್ತದೆ, ಹಾಗಾಗಿ ಎರಡು ತುದಿಗಳನ್ನು ಸ್ವಲ್ಪ ಒಂದರೊಳಗೊಂದು ಕರಗಿಸು. ಎಲ್ಲಿ ಕತ್ತರಿಸಬೇಕೆಂದು ತೀರ್ಮಾನಿಸುವುದು ಕಿವಿಯೇ, ಪೈಥಾನ್ ಅಲ್ಲ.

ಅಂದಹಾಗೆ, ಒಂದು ಸರ್ವರ್‌ನಲ್ಲಿ ಒಂದು ಬಾಟ್ ಒಂದು ಸಲಕ್ಕೆ ಒಂದೇ ವಾಯ್ಸ್ ಚಾನೆಲ್‌ನಲ್ಲಿ ಇರಬಲ್ಲದು. ಹಾಗಾಗಿ ಸರದಿ ಬದಲಾದಾಗ ಅದೇ ಬಾಟ್ ಶ್ರುತಿಯನ್ನೂ ಬದಲಿಸಬೇಕಾಗುತ್ತದೆ. ನಿನ್ನದು ಐದೂವರೆ ಮನೆ ಶ್ರುತಿ. ಉಳಿದವರದ್ದು? ಕೇಳಿ ಬರೆ. ಶ್ರುತಿ ಬದಲಿಸುವ ಕಮಾಂಡ್ ಮುಂದಿನ ಕಾಗದದಲ್ಲಿ ನೋಡೋಣ.

ನಿನ್ನ ದೊಡ್ಡಪ್ಪ