ಮೊಡವೆ: ಹದಿಹರೆಯದ ಚರ್ಮ, ನಿತ್ಯದ ಆರೈಕೆ, ವೈದ್ಯರ ಚಿಕಿತ್ಸೆ

ತರಗತಿ: 8ರಿಂದ 10
ಅವಧಿ: 2 ಪಾಠಗಳು
ಸಂಬಂಧಿತ ವಿಷಯಗಳು: ಕನ್ನಡ ಭಾಷೆ, ವಿಜ್ಞಾನ, ಆರೋಗ್ಯ ಶಿಕ್ಷಣ

ಪೀಠಿಕೆ

ಪದ್ಯವಾಚನಕ್ಕೆ ಹೆಸರು ಕರೆದಾಗ ಎದ್ದು ನಿಂತರೂ ಮುಖವೆತ್ತದ ಹುಡುಗ, ಕೆನ್ನೆಗೆ ಅಂಗೈ ಅಡ್ಡ ಹಿಡಿದು ಕೊನೆಯ ಬೆಂಚನ್ನೇ ಆರಿಸಿಕೊಳ್ಳುವ ಹುಡುಗಿ ಪ್ರೌಢಶಾಲೆಯ ಶಿಕ್ಷಕರಿಗೆ ಅಪರಿಚಿತರಲ್ಲ. ಪಾಠ ಓದಿಕೊಂಡು ಬಾರದ ಅಳುಕು ಇದೆಂದು ಶಿಕ್ಷಕರು ಭಾವಿಸುವುದುಂಟು. ಎಷ್ಟೋ ವೇಳೆ ಅದರ ಕಾರಣ ಮುಖದ ಮೇಲಿನ ಮೊಡವೆ. "ಮುಖ ತೊಳೆಯುವುದಿಲ್ಲವೇ?" ಎಂಬ ಒಂದೇ ಮಾತು ಆ ಅಳುಕನ್ನು ವರ್ಷಗಟ್ಟಲೆ ಉಳಿಸಬಲ್ಲದು. ಆ ಮಾತು ವಿಜ್ಞಾನದ ದೃಷ್ಟಿಯಿಂದಲೂ ತಪ್ಪು. ಮೊಡವೆ ಕೊಳೆಯ ಗುರುತಲ್ಲ, ಬೆಳವಣಿಗೆಯ ಕಾಲದ ಒಂದು ಚರ್ಮಸ್ಥಿತಿ. ಅದಕ್ಕೆ ಆರೈಕೆಯೂ ಚಿಕಿತ್ಸೆಯೂ ಉಂಟು. ಇದನ್ನು ಮನಗಾಣಿಸುವುದೇ ಈ ಪಾಠದ ಉದ್ದೇಶ.

ವಿಷಯ ವಿವರಣೆ

ಹದಿಹರೆಯದಲ್ಲಿ ಆಂಡ್ರೋಜನ್ ಹಾರ್ಮೋನುಗಳ ಪ್ರಭಾವದಿಂದ ಚರ್ಮದ ತೈಲಗ್ರಂಥಿಗಳು ಹೆಚ್ಚು ಜಿಡ್ಡನ್ನು ಸ್ರವಿಸುತ್ತವೆ. ಉದುರಬೇಕಾದ ಸತ್ತ ಜೀವಕೋಶಗಳು ಆ ಜಿಡ್ಡಿನೊಡನೆ ಸೇರಿ ರೋಮರಂಧ್ರವನ್ನು ಮುಚ್ಚುತ್ತವೆ. ಚರ್ಮದಲ್ಲಿ ಸಹಜವಾಗಿಯೇ ಇರುವ ಕ್ಯೂಟಿಬ್ಯಾಕ್ಟೀರಿಯಮ್ ಆಕ್ನೆಸ್ ಎಂಬ ಬ್ಯಾಕ್ಟೀರಿಯಾ ಅಲ್ಲಿ ಹೆಚ್ಚಿ ಉರಿಯೂತ ಉಂಟಾಗುತ್ತದೆ. ಬ್ಲ್ಯಾಕ್‌ಹೆಡ್ಡಿನ ಕಪ್ಪು ಬಣ್ಣವೂ ಕೊಳೆಯಲ್ಲ. ತೆರೆದ ರಂಧ್ರದಲ್ಲಿರುವ ಮೆಲನಿನ್ ಮತ್ತು ಗಾಳಿಗೆ ಉತ್ಕರ್ಷಣಗೊಂಡ ಜಿಡ್ಡು ಹಾಗೆ ಕಾಣುತ್ತವೆ. ಆದುದರಿಂದ ಎಷ್ಟು ಉಜ್ಜಿದರೂ ಅದು ಹೋಗದು.

ನಿತ್ಯದ ಆರೈಕೆ ಸರಳವಾದುದು. ದಿನಕ್ಕೆ ಎರಡು ಬಾರಿ ಸೌಮ್ಯವಾದ ಸೋಪಿನಿಂದ ಅಥವಾ ಫೇಸ್‌ವಾಷಿನಿಂದ ಮುಖ ತೊಳೆದು, ಉಜ್ಜದೆ ಒರೆಸಿಕೊಳ್ಳಬೇಕು. ತಲೆಗೆ ಹಚ್ಚಿದ ಎಣ್ಣೆ ಹಣೆಗೆ ಇಳಿಯದಂತೆ ನೋಡಿಕೊಳ್ಳಬೇಕು. ಮೊಡವೆಯನ್ನು ಹಿಸುಕಬಾರದು, ಹಿಸುಕಿದರೆ ಉರಿಯೂತ ಒಳಕ್ಕಿಳಿದು ಗುಳಿಯೂ ಕಲೆಯೂ ಉಳಿಯುತ್ತವೆ. ಬಿಸಿಲು ಕಲೆಯನ್ನು ಇನ್ನಷ್ಟು ಗಾಢಗೊಳಿಸುತ್ತದೆ. ನಿಂಬೆರಸ, ಟೂತ್‌ಪೇಸ್ಟ್, ಅಡುಗೆ ಸೋಡಾ ಹಚ್ಚಿದರೆ ಚರ್ಮ ಉರಿದು ಕಪ್ಪಾಗಬಹುದು.

ಇಷ್ಟಕ್ಕೆ ಕಡಿಮೆಯಾಗದಿದ್ದಲ್ಲಿ ಔಷಧಿ ಬೇಕಾಗುತ್ತದೆ. ಬೆಂಜಾಯ್ಲ್ ಪೆರಾಕ್ಸೈಡ್, ಅಡಾಪಲೀನ್ ಮುಂತಾದ ಲೇಪಗಳು ಫಲ ನೀಡಲು ಸಾಮಾನ್ಯವಾಗಿ 8ರಿಂದ 12 ವಾರ ಬೇಕು. ವಾರದೊಳಗೆ ಗುಣ ಕಾಣಲಿಲ್ಲವೆಂದು ನಿಲ್ಲಿಸುವುದೇ ಹೆಚ್ಚಿನವರು ಮಾಡುವ ತಪ್ಪು. ತೀವ್ರ ಮೊಡವೆಗೆ ಕೊಡುವ ಐಸೊಟ್ರೆಟಿನಾಯಿನ್ ಮಾತ್ರೆಯು ಗರ್ಭಸ್ಥ ಶಿಶುವಿಗೆ ಅಪಾಯಕಾರಿ; ಅದನ್ನು ವೈದ್ಯರ ನಿಗಾದಲ್ಲಿ ಮಾತ್ರ ಸೇವಿಸಬೇಕು.

ಚರ್ಮತಜ್ಞರು ನಡೆಸುವ ಇತರ ಚಿಕಿತ್ಸೆಗಳು ಔಷಧಿಗೆ ಪೂರಕವೇ ಹೊರತು ಬದಲಿಯಲ್ಲ. ಸ್ಯಾಲಿಸಿಲಿಕ್ ಅಥವಾ ಗ್ಲೈಕಾಲಿಕ್ ಆಮ್ಲವನ್ನು ಅಳತೆಯಲ್ಲಿ ಹಚ್ಚಿ ಚರ್ಮದ ಮೇಲ್ಪದರವನ್ನು ಸುಲಿಯುವಂತೆ ಮಾಡುವ ಕೆಮಿಕಲ್ ಪೀಲ್, ಮುಚ್ಚಿದ ರಂಧ್ರಗಳಿಗೂ ಕಲೆಗಳಿಗೂ ನೆರವಾಗುತ್ತದೆ. ಗುಳಿಬಿದ್ದ ಕಲೆಗಳಿಗೆ ಸೂಕ್ಷ್ಮ ಸೂಜಿಗಳ ಮೈಕ್ರೋನೀಡ್ಲಿಂಗ್ ಮತ್ತು ಲೇಸರ್ ಇವೆ. ಇವನ್ನು ಸಾಮಾನ್ಯವಾಗಿ ಮೊಡವೆ ಹತೋಟಿಗೆ ಬಂದ ಮೇಲೆ, ಹಲವು ಸಲ ಮಾಡಬೇಕಾಗುತ್ತದೆ. ಕಲೆ ತಗ್ಗುತ್ತದೆ, ಪೂರ್ತಿ ಅಳಿಯುವುದಿಲ್ಲ. ಕಂದು ಮೈಬಣ್ಣದ ಚರ್ಮದಲ್ಲಿ ಪ್ರಮಾಣ ತಪ್ಪಿದರೆ ಹೊಸ ಕಪ್ಪು ಕಲೆಗಳೇ ಉಳಿಯಬಹುದು. ಆದಕಾರಣ ಇವು ಬ್ಯೂಟಿ ಪಾರ್ಲರಿನಲ್ಲಿ ಮಾಡಿಸಿಕೊಳ್ಳತಕ್ಕವಲ್ಲ.

ವಿಶೇಷ ಎಚ್ಚರಿಕೆ

ನೆರೆಯವರ ಮಾತು ಕೇಳಿ ಔಷಧಿ ಅಂಗಡಿಯಿಂದ ತಂದ ಕ್ರೀಮು ಕೆಲವೇ ದಿನಗಳಲ್ಲಿ ಮುಖವನ್ನು ನಯವಾಗಿ, ಬೆಳ್ಳಗೆ ಕಾಣಿಸಿದರೆ ಅದರಲ್ಲಿ ಸ್ಟೀರಾಯ್ಡ್ ಇರುವ ಸಾಧ್ಯತೆಯಿದೆ. ತಿಂಗಳುಗಟ್ಟಲೆ ಹಚ್ಚಿದರೆ ಚರ್ಮ ತೆಳುವಾಗುತ್ತದೆ, ಮುಖದಲ್ಲಿ ರೋಮ ಬೆಳೆಯುತ್ತದೆ. ನಿಲ್ಲಿಸಿದೊಡನೆ ಉರಿ, ಕೆಂಪು ಮತ್ತು ಮೊದಲಿಗಿಂತ ಹೆಚ್ಚು ಮೊಡವೆ ಕಾಣಿಸಿಕೊಳ್ಳುತ್ತವೆ. ಭಾರತ ಸರ್ಕಾರವು 2018ರಲ್ಲಿ ಹಲವು ಸ್ಟೀರಾಯ್ಡ್ ಲೇಪಗಳನ್ನು ವೈದ್ಯರ ಚೀಟಿಯಿಲ್ಲದೆ ಮಾರಬಾರದ ಷೆಡ್ಯೂಲ್ ಎಚ್ ಪಟ್ಟಿಗೆ ಸೇರಿಸಿತು. ಬೆಟಮೆಥಾಸೋನ್, ಕ್ಲೋಬೆಟಾಸಾಲ್, ಮೊಮೆಟಾಸೋನ್ ಎಂಬ ಹೆಸರುಗಳನ್ನು ಟ್ಯೂಬಿನ ಮೇಲೆ ಗುರುತಿಸಲು ಮಕ್ಕಳು ಕಲಿಯಬೇಕು.

ತರಗತಿ ಚಟುವಟಿಕೆಗಳು

1. ಓದು: ಶಿಕ್ಷಕರು ತಾವೇ ಕೆಲವು ಖಾಲಿ ಔಷಧಿ ಪೆಟ್ಟಿಗೆಗಳನ್ನು ತರಬೇಕು, ಮಕ್ಕಳ ಮನೆಯಿಂದ ತರಿಸಬಾರದು. ಔಷಧಿಯ ಹೆಸರು, ಅವಧಿ ಮುಗಿಯುವ ದಿನಾಂಕ, ಎಚ್ಚರಿಕೆಯ ಸಾಲು ಇವನ್ನು ಗುಂಪುಗಳಲ್ಲಿ ಹುಡುಕಿಸಿ ಕನ್ನಡದಲ್ಲಿ ಬರೆಯಿಸಬೇಕು.

2. ಪದಸಂಪತ್ತು: ಕನ್ನಡದ ಮೊಡವೆ ಮಲಯಾಳದಲ್ಲಿ ಮುಖಕ್ಕುರು, ತಮಿಳಿನಲ್ಲಿ ಮುಖಪ್ಪರು, ತೆಲುಗಿನಲ್ಲಿ ಮೊಟಿಮ. ಮರಾಠಿಯಲ್ಲಿ ಮುರೂಮ್ ಎಂಬುದರೊಡನೆ ತಾರುಣ್ಯಪಿಟಿಕಾ ಎಂಬ ಪದವೂ ಉಂಟು. ಸಂಸ್ಕೃತ ವೈದ್ಯ ಪರಂಪರೆ ಇದನ್ನು ಮುಖದೂಷಿಕಾ ಎಂದೂ ಯೌವನಪಿಡಕಾ ಎಂದೂ ಕರೆಯಿತು. ಒಂದು ಹೆಸರು ಮುಖ ಕೆಟ್ಟಿತೆನ್ನುತ್ತದೆ, ಇನ್ನೊಂದು ಪ್ರಾಯ ಬಂದಿತೆನ್ನುತ್ತದೆ. ಯಾವ ಹೆಸರು ವಿಜ್ಞಾನಕ್ಕೆ ಹತ್ತಿರವೆಂದು ಚರ್ಚಿಸಬೇಕು.

3. ಸಂಭಾಷಣೆ: ಗಡಿನಾಡಿನ ಮಗು ಮನೆಯಲ್ಲೂ ಶಾಲೆಯಲ್ಲೂ ಕನ್ನಡ ಆಡುತ್ತದೆ, ಆಸ್ಪತ್ರೆಯಲ್ಲಿ ಹಲವು ವೇಳೆ ರಾಜ್ಯಭಾಷೆ ಆಡಬೇಕಾಗುತ್ತದೆ. ನಾಚಿಕೆಗೆ ಭಾಷೆಯ ತೊಡಕೂ ಸೇರಿದರೆ ಹೇಳಬೇಕಾದುದು ಉಳಿದುಹೋಗುತ್ತದೆ. ಮೊಡವೆ ಯಾವಾಗ ಆರಂಭವಾಯಿತು, ಎಲ್ಲೆಲ್ಲಿ ಇದೆ, ನೋವಿದೆಯೇ, ಈವರೆಗೆ ಏನೇನು ಹಚ್ಚಲಾಗಿದೆ, ಮನೆಯಲ್ಲಿ ಬೇರೆಯವರಿಗೂ ಇತ್ತೇ ಎಂಬ ಐದು ಅಂಶಗಳನ್ನು ಮೊದಲು ಕನ್ನಡದಲ್ಲಿ, ಅನಂತರ ರಾಜ್ಯಭಾಷೆಯಲ್ಲಿ ಹೇಳಿಸಬೇಕು. ಮುಟ್ಟು ಕ್ರಮತಪ್ಪುತ್ತಿದ್ದರೆ ಅದನ್ನೂ ವೈದ್ಯರಿಗೆ ತಿಳಿಸಬೇಕೆಂದು ಶಿಕ್ಷಕಿಯರು ಹುಡುಗಿಯರಿಗೆ ಪ್ರತ್ಯೇಕವಾಗಿ ಹೇಳುವುದು ಒಳಿತು. 2014ರಲ್ಲಿ ಆರಂಭವಾದ ರಾಷ್ಟ್ರೀಯ ಕಿಶೋರ ಸ್ವಾಸ್ಥ್ಯ ಕಾರ್ಯಕ್ರಮವು 10ರಿಂದ 19 ವರ್ಷದವರಿಗಾಗಿಯೇ ಇರುವುದೆಂಬ ಮಾಹಿತಿಯನ್ನೂ ನೀಡಬೇಕು.

ಮೌಲ್ಯಮಾಪನ

ಅ) "ಬ್ಲ್ಯಾಕ್‌ಹೆಡ್ ಕೊಳೆಯಲ್ಲ": ಎರಡು ವಾಕ್ಯಗಳಲ್ಲಿ ಸಮರ್ಥಿಸಿರಿ.
ಆ) ವಾರದೊಳಗೆ ಮುಖ ಬೆಳ್ಳಗಾಗುವುದೆಂದು ಕ್ರೀಮು ಕೊಟ್ಟ ಗೆಳತಿಗೆ ಒಂದು ಪತ್ರ ಬರೆಯಿರಿ.

ಶಿಕ್ಷಕರ ಗಮನಕ್ಕೆ

ಮೊಡವೆಯಿರುವ ಯಾವ ಮಗುವನ್ನೂ ಉದಾಹರಣೆಯಾಗಿ ತೋರಿಸಬಾರದು. ಪಾಠದ ನಡುವೆ ಅವರ ಕಡೆಗೆ ನೋಡುವುದೂ ಬೇಡ. ಅಡ್ಡಹೆಸರಿಟ್ಟು ಕರೆಯುವುದನ್ನು ಕಂಡರೆ ಅಂದೇ ತಡೆಯಬೇಕು. ಮುಂದಿನ ವಾರ ಪದ್ಯವಾಚನಕ್ಕೆ ಕರೆದಾಗ ಆ ಮಗು ಕೈ ತೆಗೆದು ಪುಸ್ತಕ ಹಿಡಿದರೆ ಪಾಠ ತಲುಪಿತೆಂದು ತಿಳಿಯಬಹುದು.