ಕಲ್ಲುಹೂವಿನ ನೆರಳು

ಮಸಾಲೆಗೆ ಹಾಕುವ ಕಲ್ಲುಹೂವನ್ನು ತಾಯಂದಿರೆಲ್ಲರೂ ಬಲ್ಲರು. ಅದು ಹೂವಲ್ಲ, ಶಿಲೀಂಧ್ರವೂ ಪಾಚಿಯೂ ಒಂದೇ ದೇಹವಾಗಿ ಬಾಳುವ ಜೀವಿ. ಪಾಚಿಯು ಬಿಸಿಲಿನಿಂದ ಆಹಾರವನ್ನು ಸಿದ್ಧಪಡಿಸುತ್ತದೆ; ಶಿಲೀಂಧ್ರವು ಅದಕ್ಕೆ ಮನೆಯನ್ನೂ ನೆರಳನ್ನೂ ಒದಗಿಸುತ್ತದೆ. ಈ ನೆರಳನ್ನೇ ನಾವಿಲ್ಲಿ ವಿಚಾರಮಾಡುವೆವು. ಮರಗಳಿಂದ ಗಡ್ಡದಂತೆ ಜೋಲುವ ಉಸ್ನಿಯಾ ಎಂಬ ಬಗೆಯ ಮೇಲ್ಪದರದಲ್ಲಿ ಉಸ್ನಿಕ್ ಆಮ್ಲವೆಂಬ ಹಳದಿ ದ್ರವ್ಯವಿದ್ದು, ಅತಿನೇರಳೆ ಕಿರಣಗಳನ್ನು, ವಿಶೇಷವಾಗಿ 280ರಿಂದ 315 ನ್ಯಾನೊಮೀಟರಿನವುಗಳನ್ನು, ಹೀರಿಕೊಳ್ಳುತ್ತದೆ. ನಮ್ಮ ಚರ್ಮವನ್ನು ಸುಡುವವೂ ಮುಖ್ಯವಾಗಿ ಅವೇ. ಆದುದರಿಂದಲೇ ಬಿಸಿಲು ತಡೆಯುವ ಲೇಪಗಳಲ್ಲಿ ಇದು ಸಲ್ಲುವುದೇ ಎಂದು ವಿಜ್ಞಾನಿಗಳು ಪರೀಕ್ಷಿಸಿದ್ದಾರೆ. ಆದರೆ ಪ್ರಕೃತಿಜನ್ಯವಾದುದೆಲ್ಲ ನಿರಪಾಯವೆಂದು ಪೋಷಕರು ಭಾವಿಸಬಾರದು. ಮಕ್ಕಳೇ, ಅಡಿಗೆಮನೆಯ ಕಲ್ಲುಹೂವು ಬೇರೆ ಜಾತಿಯದು. ಅದನ್ನರೆದು ಮುಖಕ್ಕೆ ಬಳಿದುಕೊಳ್ಳುವ ಸಾಹಸ ಬೇಡ, ಕೊಡೆಯೇ ಮೇಲು. ಉಸ್ನಿಕ್ ಆಮ್ಲವು ಕೆಲವರ ಚರ್ಮಕ್ಕೆ ಒಗ್ಗದು. ಮೈ ಕರಗಿಸಲೆಂದು ಇದು ಬೆರೆತಿದ್ದ ಗುಳಿಗೆಗಳನ್ನು ನುಂಗಿದವರ ಯಕೃತ್ತು ಕೆಟ್ಟಿತೆಂದು ಅಮೆರಿಕದ ಸರ್ಕಾರವು 2001ರಲ್ಲಿ ಜನರನ್ನು ಎಚ್ಚರಿಸಬೇಕಾಯಿತು.